ಬಾಗಲ ತಗೀ, ಗುಬ್ಬಕ್ಕಾ



ಈ ಕನ್ನಡ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಪಂಡಿತರು, ಶಿಕ್ಷಕರು, ಡಾಕ್ಟರರು ಬಂದು ಮಾತನಾಡುತ್ತಾರೆ. ನಾನು ಮ್ಯಾಟ್ರಿಕ್‌ವರೆಗೆ ಓದಿದವನು. ಸುಮಾರು ನಾಲ್ವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಮಂದಿಯ ರೊಕ್ಕ ಎಣಿಸಿದವನು. ಸಂಜೆಗೆ ಲೆಡ್ಜರು ತಾಳೆ ಬಿದ್ದರೆ ಸಾಕು, ನನ್ನ ದಿನ ಸಾರ್ಥಕ. ಇಂಥವನು ರೇಡಿಯೋದಲ್ಲಿ ಏನು ಮಾತನಾಡಿಯಾನು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಇತ್ತೀಚೆಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಅದನ್ನು ನಿಮ್ಮ ಮುಂದೆ ಹೇಳಬೇಕೆನಿಸಿತು. ಎರಡೂವರೆ ವರ್ಷದ ಮೊಮ್ಮಗಳನ್ನು ಮೊದಲ ಸಲ ನಾಟಕ ತೋರಿಸಲು ಕರೆದುಕೊಂಡು ಹೋದ ಸಂಗತಿ ಅದು.

ಮೊದಲು ನಮ್ಮ ಮನೆಯ ಪರಿಚಯ ಹೇಳಿಬಿಡುತ್ತೇನೆ. ಶಿರೋಳ ತಾಲೂಕಿನ ಬಹಳಷ್ಟು ಮನೆಗಳಂತೆ ನಮ್ಮದೂ ಎರಡು ನಾಲಿಗೆಯ ಮನೆ. ಅಡುಗೆಮನೆಯಲ್ಲಿ ಕನ್ನಡ, ಪಡಸಾಲೆಯಲ್ಲಿ ಅರ್ಧಮರ್ಧ, ಹೊಸ್ತಿಲು ದಾಟಿದರೆ ಮರಾಠಿ. ಸೊಸೆ ಸಾತಾರಾ ಕಡೆಯವಳು, ಮರಾಠಿ ಮನೆತನದ ಹುಡುಗಿ, ಬಾಲವಾಡಿಯಲ್ಲಿ ಕಲಿಸುತ್ತಾಳೆ. ಮೊಮ್ಮಗಳು ಹುಟ್ಟಿದಾಗ ಅವಳು ಕೂಸಿಗೆ ‘ಚಿಮಣಿ’ ಎಂದು ಕರೆಯತೊಡಗಿದಳು. ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿ. ನನ್ನ ಹೆಂಡತಿಗೆ ಇದು ಸೇರಲಿಲ್ಲ. “ಚಿಮಣಿ ಅಂದರ ಎಣ್ಣೀ ದೀಪ. ಹೊಗಿ ಉಗಳೂದು. ನನ್ನ ಮೊಮ್ಮಗಳಿಗೆ ಅಂಥಾ ಹೆಸರ ಯಾಕ?” ಎಂದು ವಾದಿಸಿದಳು. ಕಡೆಗೆ ಅತ್ತೆ ‘ಗುಬ್ಬಿ’ ಎಂದು ಕರೆಯುವುದು, ಸೊಸೆ ‘ಚಿಮಣಿ’ ಎಂದು ಕರೆಯುವುದು ಎಂದು ಒಪ್ಪಂದವಾಯಿತು. ಕೂಸು ಎರಡಕ್ಕೂ ‘ಓ’ ಎನ್ನುತ್ತದೆ. ದೊಡ್ಡವರ ಜಗಳ ಕೂಸಿಗೆ ಗೊತ್ತೇ ಇಲ್ಲ.

ಕಳೆದ ಚಳಿಗಾಲದಲ್ಲಿ ಒಂದು ದಿನ ಸೊಸೆ ಸುದ್ದಿ ತಂದಳು. ಇಚಲಕರಂಜಿಯಲ್ಲಿ ರವಿವಾರ ಮುಂಜಾನೆ ಸಣ್ಣ ಮಕ್ಕಳಿಗಾಗಿ ಒಂದು ಮರಾಠಿ ನಾಟಕವಿದೆ, ಕಾಗೆ ಮತ್ತು ಗುಬ್ಬಿಯ ಕಥೆ, ಮುಕ್ಕಾಲು ತಾಸಿನದು, ಚಿಮಣಿಯನ್ನು ಕರೆದುಕೊಂಡು ಹೋಗೋಣವೇ ಎಂದು ಕೇಳಿದಳು. ನಾನು ಹೂಂ ಅನ್ನುವಷ್ಟರಲ್ಲಿ ಊಟಕ್ಕೆ ಕೂತಿದ್ದ ಮಗ ತಲೆ ಎತ್ತಿದ.

“ಬ್ಯಾಡ,” ಅಂದ.

“ಯಾಕೋ?” ಅಂದೆ.

“ಅಪ್ಪಾ, ನನಗ ಆಗಿದ್ದು ಅಕಿಗೆ ಆಗೂದು ಬ್ಯಾಡ.” ಇಷ್ಟು ಹೇಳಿ ರೊಟ್ಟಿ ಮುರಿಯತೊಡಗಿದ.

ಸೊಸೆ ನನ್ನ ಮುಖ ನೋಡಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಮರೆತಿದ್ದೇನೆ ಎಂದುಕೊಂಡಿದ್ದೆ, ಅಷ್ಟೇ.

ಅದು 1991ರ ಮಾತು. ಆಗ ನನ್ನ ನೌಕರಿ ಕೃಷ್ಣೆಯ ಆಚೆ, ಕರ್ನಾಟಕದ ಕಡೆಯ ಒಂದು ಊರಿನಲ್ಲಿತ್ತು. ಮಗನಿಗೆ ನಾಲ್ಕು ವರ್ಷ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿದ್ದೆವು. ಆ ಜಾತ್ರೆಗೆ ನಮ್ಮ ಮಹಾರಾಷ್ಟ್ರದ ಕಡೆಯಿಂದ ಎಷ್ಟು ಗಾಡಿಗಳು ಹೋಗುತ್ತವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಒಂದು ನಾಟಕ ಕಂಪನಿ ಡೇರೆ ಹಾಕಿತ್ತು. ಟಿಕೇಟು ತೆಗೆಸಿ ಒಳಗೆ ಹೋದೆವು. ಎರಡು ಸಾಲು ಮುಂದೆ ನಮ್ಮ ಬ್ಯಾಂಕಿನ ಸಾಹೇಬರು ಮನೆಮಂದಿಯೊಂದಿಗೆ ಕೂತಿದ್ದರು. ಪೌರಾಣಿಕ ನಾಟಕ. ಒಂದನೇ ಅಂಕದಲ್ಲೇ ರಾಕ್ಷಸನ ಪ್ರವೇಶ. ದೀಪ ಆರಿಸಿ, ಭಗ್ಗನೆ ಬೆಂಕಿ ಎಬ್ಬಿಸಿ, ಢೋಲು ಬಾರಿಸಿ, ಆ ರಾಕ್ಷಸ ಪಾತ್ರಧಾರಿ ಗರ್ಜಿಸುತ್ತ ಬಂದ. ನನ್ನ ಮಗ ಕಿಟಾರನೆ ಕಿರುಚಿಕೊಂಡ. ನನ್ನ ಕಂಕುಳಲ್ಲಿ ಮುಖ ಹುದುಗಿಸಿ, ಹೊರಗೆ ಹೋಗೋಣವೆಂದು ಹಟ ಹಿಡಿದ. ಹಿಂದಿನವರು “ಕೂಸಿನ ಬಾಯಿ ಮುಚ್ಚಸರಿ” ಅಂದರು. ಸಾಹೇಬರು ತಿರುಗಿ ನೋಡಿದರು.

ನನಗೆ ನಾಚಿಕೆಯಾಯಿತು. ಮಗನ ಬೆನ್ನಿಗೆ ಒಂದು ಹೊಡೆದೆ. “ಗಂಡಸಾಗಿ ಅಳ್ತಿ ಏನಲೇ?” ಅಂದೆ.

ಅವನು ಅಳು ನಿಲ್ಲಿಸಿದ. ನಾಟಕ ಮುಗಿಯುವವರೆಗೂ, ಸುಮಾರು ಮೂರು ತಾಸು, ಒಂದೇ ಒಂದು ಮಾತಾಡದೆ ಕೂತ. ಟಿಕೇಟಿನ ರೊಕ್ಕ ವಸೂಲಾಯಿತೆಂದು ನಾನು ತಿಳಿದೆ. ಹುಡುಗ ಧೈರ್ಯ ಕಲಿತ ಎಂದೂ ತಿಳಿದೆ. ಆ ರಾತ್ರಿ ಅವನು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡ. ಆಮೇಲೆ ಇಲ್ಲಿಯವರೆಗೆ, ಮೂವತ್ತು ವರ್ಷಕ್ಕೂ ಮಿಕ್ಕಿ, ಅವನು ಒಂದು ನಾಟಕಕ್ಕೂ ಕಾಲಿಟ್ಟಿಲ್ಲ. ಕಾಲೇಜಿನ ಗ್ಯಾದರಿಂಗಿನಲ್ಲೂ ನಾಟಕ ಶುರುವಾದರೆ ಎದ್ದು ಬರುತ್ತಿದ್ದನೆಂದು ಅವನ ಗೆಳೆಯರು ಹೇಳಿದ್ದುಂಟು. ನಾಟಕದ ರುಚಿ ಇಲ್ಲದವನು ಎಂದು ನಾನು ಮಂದಿಯ ಮುಂದೆ ಹೇಳುತ್ತ ಬಂದೆ. ರುಚಿ ಕೆಡಿಸಿದವನು ನಾನೇ ಎಂದು ಎಲ್ಲಿಯೂ ಹೇಳಲಿಲ್ಲ.

ನೋಡಿ, ನನ್ನ ಬಾಲ್ಯವಾದರೂ ಹಾಗಿರಲಿಲ್ಲ. ನನಗೆ ಎರಡು-ಮೂರು ವರ್ಷವಿದ್ದಾಗಿನಿಂದ ಅವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಆಟಕ್ಕೆ ಹೋಗುತ್ತಿದ್ದಳು. ಗೋಕಾಕದ ಕಡೆಯಿಂದ ಶ್ರೀಕೃಷ್ಣ ಪಾರಿಜಾತದವರು ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ದೊಡ್ಡಾಟ, ಸಣ್ಣಾಟ ಇರುತ್ತಿದ್ದವು. ಅಟ್ಟದ ಮೇಲೆ ಗ್ಯಾಸಬತ್ತಿ, ಕೆಳಗೆ ನೆಲದ ಮೇಲೆ ಜಮಖಾನೆ, ಕೌದಿ, ಗೋಣಿಚೀಲ. ರಾತ್ರಿ ಊಟವಾದ ಮೇಲೆ ಶುರುವಾದದ್ದು ಬೆಳಕು ಹರಿಯುವವರೆಗೆ ನಡೆಯುತ್ತಿತ್ತು. ದೊಡ್ಡಾಟದಲ್ಲೂ ರಾಕ್ಷಸ ಬರುತ್ತಿದ್ದ, ಅವನೂ ಗರ್ಜಿಸುತ್ತಿದ್ದ. ನಾವು ಹುಡುಗರು ಹೆದರಿ ಅವ್ವನ ಸೆರಗಿನೊಳಗೆ ಹೋಗುತ್ತಿದ್ದೆವು. ಸೆರಗಿನ ಸಂದಿಯಿಂದ ಇಣುಕುತ್ತಿದ್ದೆವು. ಸಾಕೆನಿಸಿದರೆ ನಿದ್ದೆ ಹೋಗುತ್ತಿದ್ದೆವು. ಯಾರೂ “ಸುಮ್ಮನ ಕೂಡ್ರು” ಅನ್ನುತ್ತಿರಲಿಲ್ಲ. ಹಿಂದೆ ಹೆಣ್ಣುಮಕ್ಕಳು ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತಾಡುತ್ತಲೇ ಇರುತ್ತಿದ್ದರು. ನಸುಕಿನಲ್ಲಿ ಆಟ ಮುಗಿದ ಮೇಲೆ ಅದೇ ರಾಕ್ಷಸ ಕಿರೀಟ ಕೆಳಗಿಟ್ಟು, ಅರ್ಧ ಬಣ್ಣ ಒರೆಸಿಕೊಂಡು, ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನ ಪಕ್ಕದಲ್ಲೇ ನಾವು ಹುಡುಗರು ನಿಲ್ಲುತ್ತಿದ್ದೆವು. ರಾಕ್ಷಸನೂ ಚಹಾ ಕುಡಿಯುತ್ತಾನೆ ಎಂದು ಗೊತ್ತಾದ ಮೇಲೆ ಅಂಜಿಕೆ ಎಲ್ಲಿ ಉಳಿಯುತ್ತದೆ?

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕೂಸಿಗೆ ಆಟ ಹೇಗೆ ತೋರಿಸಬೇಕೆಂದು ಬರುತ್ತಿತ್ತು. ಮ್ಯಾಟ್ರಿಕ್ ಪಾಸಾದ ನನಗೆ ಬರಲಿಲ್ಲ.

ಆ ರಾತ್ರಿ ಸೊಸೆಗೆ ಚಿಂಚಲಿಯ ಕಥೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬಾಲವಾಡಿಯ ತರಬೇತಿಯಲ್ಲಿ ಕೇಳಿದ್ದನ್ನೂ, ಮೊಬೈಲಿನಲ್ಲಿ ಓದಿದ್ದನ್ನೂ ಹೇಳಿದಳು. ಇಟಲಿ ದೇಶದ ಬೊಲೊನ್ಯಾ ಎಂಬ ಊರಿನಲ್ಲಿ ‘ಲಾ ಬರಾಕ್ಕಾ’ ಎಂಬ ನಾಟಕ ಮಂಡಳಿ 1987ರಿಂದ ಮೂರು ವರ್ಷದೊಳಗಿನ ಕೂಸುಗಳಿಗಾಗಿಯೇ ನಾಟಕ ಮಾಡುತ್ತ ಬಂದಿದೆಯಂತೆ. ಇಂಥ ನಾಟಕಗಳು ಬಹಳ ಹೊತ್ತಿನವಲ್ಲ, ಅರ್ಧ ತಾಸಿನ ಆಸುಪಾಸು. ಮಕ್ಕಳನ್ನು ಆಟದವರ ಹತ್ತಿರವೇ ಕೂಡಿಸುತ್ತಾರೆ. ಪೂರ್ತಿ ಕತ್ತಲೆ ಮಾಡುವುದಿಲ್ಲ. ಅತ್ತ ಕೂಸನ್ನು ಹೊರಗೆ ಕರೆದೊಯ್ದು ಮತ್ತೆ ಒಳಗೆ ತಂದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಮುಗಿದ ಮೇಲೆ ಆಟದ ಸಾಮಾನು ಮುಟ್ಟಿ ನೋಡಲು ಬಿಡುವುದೂ ಉಂಟು. ಇದನ್ನೆಲ್ಲ ಕೇಳಿ ನನಗೆ ನಗೆ ಬಂತು. “ಇದು ನಮ್ಮವ್ವನ ಕೌದಿ ಆಟನ ಆತಲ್ಲ” ಎಂದೆ.

ನಮ್ಮ ದೇಶದಲ್ಲೂ ಮಕ್ಕಳಿಗಾಗಿಯೇ ನಾಟಕ ಕಟ್ಟಿದವರಿದ್ದಾರೆ. ಮರಾಠಿಯಲ್ಲಿ ಸುಧಾ ಕರಮರಕರರು, ರತ್ನಾಕರ ಮತಕರಿಯವರು ಆ ಕೆಲಸಕ್ಕೆ ಹೆಸರಾದವರು. ಮತಕರಿಯವರು 1962ರಲ್ಲಿ ಮುಂಬಯಿಯಲ್ಲಿ ‘ಬಾಲನಾಟ್ಯ’ ಎಂಬ ಸಂಸ್ಥೆ ಕಟ್ಟಿದರು. ಅವರ ‘ಅಲಬತ್ಯಾ ಗಲಬತ್ಯಾ’ದ ಮಾಟಗಾತಿ ಚೇಟಕೀಣಿಯನ್ನು ನಮ್ಮ ಭಾಗದ ಎಷ್ಟೋ ಮನೆಯ ಮಕ್ಕಳು ಬಲ್ಲರು. ಅವರು 2020ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ಕುವೆಂಪು ಅವರು ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ ಎಂದು ಮಕ್ಕಳಿಗಾಗಿ ನಾಟಕ ಬರೆದರು. ಬಿ. ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. ಅವರೂ ಅವರ ಪತ್ನಿ ಪ್ರೇಮಾ ಕಾರಂತರೂ ಮಕ್ಕಳ ನಾಟಕಕ್ಕೆ ದೊಡ್ಡ ದಾರಿ ಮಾಡಿಕೊಟ್ಟರು. ಟಾಗೋರರ ಗಿಳಿಯ ಕಥೆಯಿಂದ ಬಂದ ‘ಪಂಜರಶಾಲೆ’ಯನ್ನು ಕರ್ನಾಟಕದ ಎಷ್ಟೋ ಊರಿನ ಮಕ್ಕಳು ಆಡಿದ್ದಾರೆ. ಆದರೆ ಇವೆಲ್ಲ ಹೆಚ್ಚಾಗಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಹೊಂದುವಂಥವು. ಎರಡೂವರೆ ವರ್ಷದ ಕೂಸನ್ನು ಕರೆದೊಯ್ಯುವುದೆಂದರೆ ತಯಾರಿ ಬೇರೆಯೇ ಬೇಕು.

ಮಗನನ್ನು ಒಪ್ಪಿಸಿದವಳು ಸೊಸೆ. “ಅತ್ತರೆ ಆ ಕ್ಷಣವೇ ಹೊರಗೆ ತರುತ್ತೇವೆ, ನಾಟಕ ಐದೇ ನಿಮಿಷ ನೋಡಿದರೂ ಸಾಕು” ಎಂದು ಅವನಿಗೆ ಮಾತು ಕೊಟ್ಟಳು. ನನ್ನಿಂದಲೂ ಕೊಡಿಸಿದಳು. ಮಗನಿಗೆ ನಾನು ಮಾತು ಕೊಟ್ಟದ್ದು ಅದೇ ಮೊದಲು.

ನಾಟಕಕ್ಕೆ ಒಂದು ವಾರವಿತ್ತು. ದಿನಾ ರಾತ್ರಿ ನನ್ನ ಹೆಂಡತಿ ಕೂಸಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದಳು. ನಿಮಗೆಲ್ಲ ಗೊತ್ತಿರುವ ಕಥೆಯೇ. ಕಾಗಕ್ಕನದು ಶೆಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ದೊಡ್ಡ ಮಳೆ ಬರುತ್ತದೆ. ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಅವಳು ತೊಯ್ದುಕೊಂಡು ಬಂದು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಒಳಗಿನಿಂದಲೇ ನೆವ ಹೇಳುತ್ತ ಹೋಗುತ್ತಾಳೆ, ಕೂಸಿಗೆ ಎರೆಯುತ್ತಿದ್ದೇನೆ, ಕೂಸಿಗೆ ಉಣಿಸುತ್ತಿದ್ದೇನೆ, ಕೂಸನ್ನು ಮಲಗಿಸುತ್ತಿದ್ದೇನೆ ಎಂದು. ಮರಾಠಿಯಲ್ಲೂ ಇದೇ ಕಥೆಯಿದೆ, ಚಿವೂ ಮತ್ತು ಕಾವೂ. ಅಲ್ಲಿ ಗುಬ್ಬಿಯದು ಮೇಣದ ಮನೆ. ಕಲ್ಲೋ ಮೇಣವೋ, ಮಳೆ ಮಾತ್ರ ಒಂದೇ, ಬಾಗಿಲೂ ಒಂದೇ.

ಶಿರೋಳದವರಿಗೆ ಈ ಕಥೆ ಬರಿಯ ಕಥೆಯಲ್ಲ. 2005ರಲ್ಲಿ, 2019ರಲ್ಲಿ, ಮತ್ತೆ 2021ರಲ್ಲಿ ಕೃಷ್ಣಾ ಪಂಚಗಂಗೆಯರು ನಮ್ಮ ಮನೆ ಬಾಗಿಲಿಗೆ ಬಂದದ್ದನ್ನು ಕಂಡವರು ನಾವು. 2019ರ ಆಗಸ್ಟಿನಲ್ಲಿ ನಾವೂ ಒಂದು ಗಂಟು ಹೊತ್ತುಕೊಂಡು ಜಯಸಿಂಗಪುರದಲ್ಲಿ ಒಬ್ಬ ಪರಿಚಯದವರ ಬಾಗಿಲು ಬಡಿದೆವು. ಆ ಮರಾಠಿ ತಾಯಿ “ತಡೀರಿ” ಅನ್ನಲಿಲ್ಲ. ಎಂಟು ದಿನ ಉಣಬಡಿಸಿದರು. ಹೆಂಡತಿ ಕೂಸಿಗೆ ಕಥೆ ಹೇಳುವಾಗ ಗುಬ್ಬಕ್ಕ ನೆವ ಹೇಳುವ ಜಾಗ ಬಂದರೆ ಅವಳ ದನಿ ಸ್ವಲ್ಪ ಬದಲಾಗುತ್ತಿತ್ತು. ಕೂಸಿಗೆ ಅದು ತಿಳಿಯುತ್ತಿತ್ತೋ ಏನೋ, ಆ ಜಾಗದಲ್ಲಿ ಅಜ್ಜಿಯ ಸೀರೆ ಹಿಡಿದುಕೊಳ್ಳುತ್ತಿತ್ತು.

ರವಿವಾರ ಬಂತು. ಕೂಸು ಚೆನ್ನಾಗಿ ನಿದ್ದೆ ಮಾಡಿ ಎದ್ದಿತ್ತು, ಹೊಟ್ಟೆ ತುಂಬಿತ್ತು. ಒಂದು ಚೀಲದಲ್ಲಿ ನೀರು, ಬದಲಿಗೊಂದು ಅಂಗಿ, ಪುಡಿಕೆಯಲ್ಲಿ ಜಯಸಿಂಗಪುರದ ಭಡಂಗ, ಮತ್ತೆ ಕೂಸು ಹೊದ್ದು ಮಲಗುವ ಹಳೇ ಸೀರೆಯ ತುಂಡು. ಎಸ್‌.ಟಿ. ಹತ್ತಿದೆವು.

ಬಸ್ಸಿನಲ್ಲಿ ಕೂತು ಒಂದು ಮಾತು ಯೋಚಿಸುತ್ತಿದ್ದೆ. ಕನ್ನಡ ಮನೆಯ ಕೂಸಿಗೆ ಮೊದಲ ನಾಟಕವೇ ಮರಾಠಿಯದು ಆಯಿತಲ್ಲ ಎಂದು ಮನಸ್ಸಿನಲ್ಲಿ ಒಂದು ಸಣ್ಣ ಮುಳ್ಳು ಇತ್ತು. ಮುಚ್ಚಿಡುವುದಿಲ್ಲ. ಆದರೆ ನಾಟಕದ ಲೆಕ್ಕ ತೆಗೆದರೆ ನಮ್ಮ ಈ ಭಾಗದಲ್ಲಿ ಯಾರ ಖಾತೆಯಲ್ಲಿ ಜಮಾ, ಯಾರ ಖಾತೆಯಲ್ಲಿ ಖರ್ಚು ಎಂದು ಬರೆಯುವುದೇ ಕಷ್ಟ. ಕರ್ನಾಟಕದಿಂದ ಬಂದ ಭಾಗವತ ಮೇಳದವರು ಸಾಂಗಲಿಯಲ್ಲಿ ಆಟವಾಡಿದ್ದನ್ನು ಸಂಸ್ಥಾನದ ರಾಜರಾದ ಚಿಂತಾಮಣರಾವ ಪಟವರ್ಧನರು ನೋಡಿದರು. ಇಂಥದ್ದು ಮರಾಠಿಯಲ್ಲಿ ಆಗಬೇಕೆಂದು ತಮ್ಮಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ 5ರಂದು ಸಾಂಗಲಿಯಲ್ಲಿ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿದರು. ಇವತ್ತಿಗೂ ಆ ದಿನವನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಇತ್ತ ಕೊಲ್ಹಾಪುರದ ಕೇಶವರಾವ ಭೋಸಲೆಯವರು 1908ರಲ್ಲಿ ‘ಲಲಿತಕಲಾದರ್ಶ’ ಎಂಬ ಹೆಸರಾಂತ ಮರಾಠಿ ಕಂಪನಿ ಶುರು ಮಾಡಿದ್ದು ಎಲ್ಲಿ? ನಮ್ಮ ಹುಬ್ಬಳ್ಳಿಯಲ್ಲಿ. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ ರಂಗಮಂದಿರಕ್ಕೆ ಮುಂದೆ ಅವರದೇ ಹೆಸರಿಟ್ಟರು. 2024ರ ಆಗಸ್ಟ 8ರ ರಾತ್ರಿ ಆ ನಾಟ್ಯಗೃಹ ಬೆಂಕಿಗೆ ತುತ್ತಾದಾಗ ಕೊಲ್ಹಾಪುರದ ಮಂದಿ ರಸ್ತೆಯಲ್ಲಿ ನಿಂತು ಅತ್ತರು. ಮರುದಿನ ಕೇಶವರಾವರ ಜಯಂತಿ. ಟಿ.ವಿ.ಯಲ್ಲಿ ಅದನ್ನು ನೋಡಿ ನಮ್ಮ ಮನೆಯಲ್ಲೂ ಅವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ. ಕಣ್ಣೀರಿಗೆ ಯಾವ ಭಾಷೆ?

ಇಚಲಕರಂಜಿಯ ಆ ಸಭಾಗೃಹ ದೊಡ್ಡದೇನಲ್ಲ. ಬಾಗಿಲಲ್ಲಿ ಟಿಕೇಟು ನೋಡುವ ಹುಡುಗ ಕೂಸನ್ನು ಕಂಡು, “ಆಜೋಬಾ, ರಡಲೀ ತರ ಬಾಹೇರ ಘೇವೂನ ಯಾ” ಅಂದ. ಅತ್ತರೆ ಹೊರಗೆ ತನ್ನಿರಿ ಎಂದು. ಹಿಂದೆ ಆಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. “ಅದಕ್ಕಂತನ ಬಂದೇನಪಾ” ಎಂದು ನಕ್ಕೆ. ಸಾಲಿನ ತುದಿಗೆ, ಬಾಗಿಲ ಹತ್ತಿರ ಕೂತೆವು. ಕೂಸು ನನ್ನ ತೊಡೆಯ ಮೇಲೆ, ಸೊಸೆ ಪಕ್ಕದಲ್ಲಿ.

ಪರದೆ ಸರಿಯಿತು. ಮೇಣದ ಮನೆ ಕಂಡಿತು. “ಕಲ್ಲಿನ ಮನಿ ಎಲ್ಲೈತಿ?” ಎಂದು ಕೂಸು ಜೋರಾಗಿ ಕೇಳಿತು. ನಾನು ಕಿವಿಯಲ್ಲಿ ಹೇಳಿದೆ, “ಇದನ ಅದರ ಮನಿ. ಚಿಮಣಿ ಅಂದರ ನಮ್ಮ ಗುಬ್ಬಕ್ಕನ.” ತನ್ನ ಎರಡೂ ಹೆಸರು ಒಟ್ಟಿಗೆ ಕೇಳಿ ಅದಕ್ಕೆ ಖುಷಿಯಾಯಿತು. ಗುಬ್ಬಿಯ ವೇಷದ ಹುಡುಗಿ ಹಾರುತ್ತ ಬಂದಾಗ ಚಪ್ಪಾಳೆ ಹಾಕಿತು. ಕಾಗೆಯ ವೇಷದವನು ದೊಡ್ಡ ಕೊಕ್ಕು ಕಟ್ಟಿಕೊಂಡು ಬಂದಾಗ ನನ್ನ ಅಂಗಿ ಹಿಡಿದುಕೊಂಡಿತು, ಆದರೂ ನೋಡುತ್ತಲೇ ಇತ್ತು.

ಆಮೇಲೆ ಮಳೆ. ದೀಪ ಸಣ್ಣದಾದವು. ತಗಡು ಬಾರಿಸಿ ಗುಡುಗು ಮಾಡಿದರು. ಒಂದು ಬಿಳಿ ಬೆಳಕು ಫಳ್ಳೆಂದಿತು. ಕೂಸು ಮೈಯೆಲ್ಲ ನಡುಗಿ “ಅಜ್ಜಾ” ಎಂದು ಚೀರಿ ನನ್ನ ಕಂಕುಳಲ್ಲಿ ಮುಖ ಹುದುಗಿಸಿತು. ಅದೇ ಕಂಕುಳ, ಅದೇ ಜಾಗ.

ಹಿಂದಿನವರು ಯಾರೋ “ಶ್ಶ್” ಅಂದರು. ನಾನು ಎದ್ದೆ. ಒಂದು ಕ್ಷಣವೂ ತಡಮಾಡಲಿಲ್ಲ. ಸೊಸೆಯನ್ನು ಅಲ್ಲೇ ಇರಲು ಹೇಳಿ ಕೂಸನ್ನೆತ್ತಿಕೊಂಡು ಹೊರಗಿನ ಪಡಸಾಲೆಗೆ ಬಂದೆ. ಹೊರಗೆ ಬಿಸಿಲಿತ್ತು. ಮಗ್ಗದ ಸಪ್ಪಳ ದೂರದಿಂದ ಕೇಳುತ್ತಿತ್ತು. ಹಳೇ ಸೀರೆ ಹೊದಿಸಿ ಮೆಟ್ಟಿಲ ಮೇಲೆ ಕೂಡಿಸಿಕೊಂಡೆ.

“ಗುಡುಗಿಗಿ ಅಂಜಿದೇನವಾ? ಅಂಜಲಿ ಬಿಡು. ನಾನೂ ಅಂಜತಿದ್ದೆ,” ಅಂದೆ. “ಅದು ತಗಡಿನ ಗುಡುಗು. ನಮ್ಮ ಹಿತ್ತಲದಾಗ ಐತಲ್ಲ, ಅಂಥಾ ತಗಡು.” ಬಾಗಿಲ ಬಳಿ ಒಂದು ತಗಡಿನ ಫಲಕವಿತ್ತು. ಬೆರಳಿನಿಂದ ಬಡಿದು ತೋರಿಸಿದೆ. ಅದೂ ಒಮ್ಮೆ ಬಡಿಯಿತು. ಮತ್ತೊಮ್ಮೆ ಬಡಿಯಿತು. ಕಣ್ಣೊರೆಸಿದೆ. ನಾಲ್ಕು ಕಾಳು ಭಡಂಗ ತಿಂದಿತು. ಮನೆಗೆ ಹೋಗೋಣವೇ ಎಂದು ಕೇಳಿದೆ. ನಿಜವಾಗಿಯೂ ಹೋಗಲು ತಯಾರಿದ್ದೆ. ಟಿಕೇಟಿನ ನೆನಪು ಬಂತು, ಸುಳ್ಳು ಹೇಳುವುದಿಲ್ಲ. ಬಂತು, ಹೋಯಿತು.

ಏಳೆಂಟು ನಿಮಿಷವಾಗಿರಬೇಕು. ಕೂಸು ಬಾಗಿಲ ಕಡೆ ನೋಡುತ್ತ ಕೇಳಿತು, “ಅಜ್ಜಾ, ಕಾಗಕ್ಕ ಏನ ಮಾಡಾಕತ್ತಾಳ?”

“ತೊಯ್ಸಿಕೊಂಡ ನಿಂತಾಳ.”

“ನೋಡೂಣು.”

ಒಳಗೆ ಹೋದೆವು. ಈ ಸಲ ಕೂರಲಿಲ್ಲ. ಹಿಂದೆ ಬಾಗಿಲಿಗೆ ಆತುಕೊಂಡು, ಅದನ್ನು ಎತ್ತಿಕೊಂಡು ನಿಂತೆ. ರಂಗದ ಮೇಲೆ ಕಾಗೆ ಗಡಗಡ ನಡುಗುತ್ತ ಬಾಗಿಲು ಬಡಿಯುತ್ತಿತ್ತು. ಗುಬ್ಬಿ ಒಳಗಿನಿಂದ ಮರಾಠಿಯಲ್ಲಿ ನೆವ ಹೇಳಿತು, ಕೂಸಿಗೆ ಎರೆಯುತ್ತಿದ್ದೇನೆ ಎಂದು. ಕಾಗೆ ಮತ್ತೆ ಬಡಿಯಿತು. ಗುಬ್ಬಿ ಎರಡನೆಯ ನೆವ ಹೇಳಿತು. ನನ್ನ ತೋಳಿನಲ್ಲಿ ಕೂಸು ಬಿಗಿಯಾಗುತ್ತ ಹೋಯಿತು. ಮತ್ತೆ ಅಂಜಿತೇನೋ ಎಂದು ನಾನು ತಿರುಗಬೇಕು, ಅಷ್ಟರಲ್ಲಿ ಅದು ಗಂಟಲು ಹರಿಯುವಂತೆ ಕೂಗಿತು,

“ಬಾಗಲ ತಗೀ, ಗುಬ್ಬಕ್ಕಾ!”

ಸಭಾಗೃಹ ಒಂದು ಕ್ಷಣ ಸುಮ್ಮನಾಯಿತು. ಇಚಲಕರಂಜಿ ಮಗ್ಗದ ಊರು. ನೇಕಾರ ಓಣಿಗಳಲ್ಲಿ ಕನ್ನಡ ಎಷ್ಟು ಕೇಳುತ್ತದೆಂದು ನಿಮಗೆ ಗೊತ್ತು. ಮೊದಲು ಅರ್ಧ ಮಂದಿ ನಕ್ಕರು, ಉಳಿದವರಿಗೆ ಪಕ್ಕದವರು ಅರ್ಥ ಹೇಳಿದ ಮೇಲೆ ಅವರೂ ನಕ್ಕರು. ಗುಬ್ಬಿಯ ವೇಷದ ಹುಡುಗಿ ಮೇಣದ ಮನೆಯ ಕಿಟಕಿಯಿಂದ ತಲೆ ಹೊರಹಾಕಿ ಕನ್ನಡದಲ್ಲಿ ಹೇಳಿದಳು, “ತಗೀತೀನಿ ತಡಿಯವಾ, ಕೂಸ ಮಲಗೇತಿ.” ಮತ್ತೆ ಮರಾಠಿಗೆ ಹೋದಳು. ಆಮೇಲೆ ಬಾಗಿಲು ತೆಗೆದಳು. ನನ್ನ ಮೊಮ್ಮಗಳು “ತಗದಳು, ತಗದಳು” ಎಂದು ನನ್ನ ತಲೆಯ ಮೇಲೆ ಬಡಿಯಿತು. ನನ್ನ ಕಣ್ಣು ತುಂಬಿದ್ದನ್ನು ಕತ್ತಲೆಯಲ್ಲಿ ಯಾರೂ ನೋಡಲಿಲ್ಲ.

ಬಸ್ಸಿನಲ್ಲಿ ಬರುವಾಗ ಇದ್ದ ಮುಳ್ಳು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಜ್ಜಿ ಕನ್ನಡದಲ್ಲಿ ಹೇಳಿದ ಕಥೆ ಇದ್ದುದರಿಂದಲೇ ಕೂಸಿಗೆ ಮರಾಠಿ ನಾಟಕ ತಿಳಿಯಿತು. ಮರಾಠಿ ನಾಟಕ ಇದ್ದುದರಿಂದಲೇ ಅದರ ಬಾಯಲ್ಲಿ ಅಷ್ಟು ದೊಡ್ಡ ಕನ್ನಡ ಬಂತು.

ಮುಗಿದ ಮೇಲೆ ಸೊಸೆ ಕೂಸನ್ನು ರಂಗದ ಪಕ್ಕಕ್ಕೆ ಕರೆದೊಯ್ದಳು. ಕಾಗೆಯಾಗಿದ್ದ ಹುಡುಗ ಕೊಕ್ಕು ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ. ಕೊಕ್ಕನ್ನು ಕೂಸಿನ ಕೈಗೆ ಕೊಟ್ಟ. ಅದು ತಿರುವಿ ತಿರುವಿ ನೋಡಿ ವಾಪಸು ಕೊಟ್ಟಿತು. ಆಮೇಲೆ ಪುಡಿಕೆಯಿಂದ ಒಂದು ಮುಷ್ಟಿ ಭಡಂಗ ತೆಗೆದು ಅವನಿಗೆ ಕೊಟ್ಟಿತು. ಪಾಪ, ಮಳೆಯಲ್ಲಿ ತೊಯ್ದವನಲ್ಲವೆ.

ಕೇಳುಗರಲ್ಲಿ ಸಣ್ಣ ಮಕ್ಕಳಿರುವ ತಂದೆತಾಯಿಗಳಿಗೆ, ನನ್ನಂಥ ಅಜ್ಜಂದಿರಿಗೆ ನಾಲ್ಕು ಮಾತು ಹೇಳುತ್ತೇನೆ. ಒಂದು, ಕಥೆಯನ್ನು ಮೊದಲೇ ಮನೆಮಾತಿನಲ್ಲಿ ಹೇಳಿರಿ. ಮುಂದೇನಾಗುತ್ತದೆಂದು ಗೊತ್ತಿದ್ದರೆ ಕೂಸಿಗೆ ಧೈರ್ಯ. ಎರಡು, ನಿದ್ದೆ ಮುಗಿದ, ಹೊಟ್ಟೆ ತುಂಬಿದ ಹೊತ್ತು ನೋಡಿ ಹೋಗಿರಿ, ಬಾಗಿಲ ಹತ್ತಿರ ಕೂಡಿರಿ. ಮೂರು, ಅತ್ತರೆ ಹೊರಗೆ ಬನ್ನಿರಿ. ಗದರಿಸಬೇಡಿರಿ, ಅಂಜಬೇಡ ಎಂದೂ ಹೇಳಬೇಡಿರಿ. ಅಂಜಿಕೆ ಬಂದಾಗ ಯಾರೋ ಎತ್ತಿಕೊಳ್ಳುತ್ತಾರೆ ಎಂದು ಗೊತ್ತಾದರೆ ಕೂಸು ತಾನೇ ತಿರುಗಿ ಒಳಗೆ ಹೋಗುತ್ತದೆ. ಹೋಗದಿದ್ದರೂ ಚಿಂತೆಯಿಲ್ಲ, ಮುಂದಿನ ವರ್ಷ ಹೋದೀತು. ನಾಲ್ಕು, ಆದರೆ ವೇಷ ಬಿಚ್ಚಿದವರನ್ನು ತೋರಿಸಿರಿ. ಇನ್ನು ಟಿಕೇಟಿನ ಲೆಕ್ಕ. ಕೂಸು ಐದು ನಿಮಿಷ ನೋಡಿದರೂ ಆ ರೊಕ್ಕ ವಸೂಲು. ಇದನ್ನು ಬ್ಯಾಂಕಿನವನು ಹೇಳುತ್ತಿದ್ದೇನೆ, ನಂಬಿರಿ.

ಕೊನೆಯ ಮಾತು. ಆ ರಾತ್ರಿ ಮಗ ಅಂಗಡಿ ಮುಚ್ಚಿ ಬಂದ. ಕೂಸು ಎರಡು ಕುರ್ಚಿಗೆ ಹೊದಿಕೆ ಕಟ್ಟಿಸಿಕೊಂಡು ಒಳಗೆ ಕೂತಿತ್ತು. ಅದೇ ಗುಬ್ಬಕ್ಕನ ಮನೆ. ಅಪ್ಪನೇ ಕಾಗಕ್ಕನಾಗಬೇಕೆಂದು ಹಟ. ನಾನು ಒಳಕೋಣೆಯಲ್ಲಿ ದೀಪ ಆರಿಸಿ ಮಲಗಿದ್ದೆ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಮೂವತ್ತೆಂಟು ವರ್ಷದ ನನ್ನ ಮಗ ಕುರ್ಚಿಯ ಹಿಡಿಕೆ ಬಡಿದು, ದನಿ ಸಣ್ಣದು ಮಾಡಿ, “ಬಾಗಲ ತಗೀ, ಗುಬ್ಬಕ್ಕಾ, ತೊಯ್ಯಾಕತ್ತೇನಿ” ಅಂದ. ಅವನು ಪೂರ್ತಿ ಹೇಳುವುದರೊಳಗೆ ಹೊದಿಕೆ ಸರಿದ ಸಪ್ಪಳ ಕೇಳಿತು. ನಮ್ಮ ಗುಬ್ಬಿಗೆ ನೆವ ಹೇಳುವುದು ಇನ್ನೂ ಬರುವುದಿಲ್ಲ.

ನನಗೂ ಅವನಿಗೂ ಚಿಂಚಲಿಯ ಮಾತು ಇವತ್ತಿನವರೆಗೆ ಆಗಿಲ್ಲ. ಎದುರಾಬದರು ಕೂತರೆ ನನ್ನ ಬಾಯಿ ಏಳುವುದಿಲ್ಲ. ನಮ್ಮ ಕಾಲದ ತಂದೆಗಳ ಕಥೆಯೇ ಇಷ್ಟು. ಆದರೆ ಅವನು ಈ ಹೊತ್ತಿನಲ್ಲಿ ಅಂಗಡಿಯಲ್ಲಿ ರೇಡಿಯೋ ಹಚ್ಚಿಕೊಂಡೇ ಕೂತಿರುತ್ತಾನೆ ಎಂದು ನನಗೆ ಗೊತ್ತು. ಅದಕ್ಕೇ ಈ ಮೈಕಿನ ಮುಂದೆ ಹೇಳುತ್ತಿದ್ದೇನೆ.

ತಮ್ಮಾ, ಅವತ್ತ ನೀ ಅತ್ತದ್ದು ತಪ್ಪಲ್ಲ. ನಾ ಹೊಡದದ್ದು ತಪ್ಪು.